ಬಾಲ್ಜಾಕನ ಇಂಜಿನಿಯರು

ಫ್ರೆಂಚ್ ಕಾದಂಬರಿಕಾರರಲ್ಲಿ ಅಗ್ರಗಣ್ಯನಾದ ಬಾಲ್ಜಾಕನ ‘ಹಳ್ಳಿಯ ಪಾದ್ರಿ’ ಎಂಬ ಕೃತಿಯು 1839ರಲ್ಲಿ ‘ಲಾ ಪ್ರೆಸ್’ ಪತ್ರಿಕೆಯಲ್ಲಿ ಭಾಗಭಾಗವಾಗಿ ಬರಲಾರಂಭಿಸಿ, 1841ರಲ್ಲಿ ಪುಸ್ತಕರೂಪವನ್ನು ತಾಳಿತು. ಅವನ ಇತರ ಕೃತಿಗಳಷ್ಟು ಪ್ರಸಿದ್ಧವಲ್ಲದ ಈ ಕಾದಂಬರಿಯಲ್ಲಿ ಒಂದು ದೀರ್ಘವಾದ ಪತ್ರವುಂಟು. ಪ್ಯಾರಿಸಿನ ಎಕೋಲ್ ಪಾಲಿಟೆಕ್ನಿಕ್ ಎಂಬ ಪ್ರಖ್ಯಾತ ಶಾಲೆಯಲ್ಲಿ ಓದಿದ ತರುಣ ಇಂಜಿನಿಯರನೊಬ್ಬನು ಆ ಶಾಲೆಯನ್ನೂ, ಅದು ತನಗೆ ಒದಗಿಸಿದ ಸರ್ಕಾರದ ಉದ್ಯೋಗವನ್ನೂ ಕಟುವಾಗಿ ಖಂಡಿಸಿ ಬರೆದ ಪತ್ರವದು. ಇದನ್ನು ಕಥೆಯಿಂದ ಬೇರ್ಪಡಿಸಿ, ಶಾಲೆಯ ವಿಷಯದಲ್ಲಿ ಬಾಲ್ಜಾಕನು ಕೊಟ್ಟ ತೀರ್ಪೆಂದು ಉದಾಹರಿಸುವುದು ಸುಲಭ. ಆದರೆ ಪತ್ರವು ಒಂದನ್ನು ಹೇಳುತ್ತದೆ, ಕಥೆಯು ಮತ್ತೊಂದನ್ನು ತೋರಿಸುತ್ತದೆ. ಇವೆರಡರ ವಿರೋಧವನ್ನು ಗಮನಿಸದೆ ಮಾಡುವ ನಿರ್ಣಯದಿಂದ ಕೃತಿಗೂ ಅನ್ಯಾಯ, ಶಾಲೆಗೂ ಅನ್ಯಾಯವೆಂಬುದೇ ಈ ಲೇಖನದ ಪ್ರತಿಪಾದ್ಯ.

ಮೊದಲು ಶಾಲೆಯ ವಿಚಾರ. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಗಣಿತಜ್ಞನಾದ ಮಾಂಜ್ ಮೊದಲಾದವರ ಪ್ರಯತ್ನದಿಂದ ಇದು ಸ್ಥಾಪಿತವಾಯಿತು. ಮರುವರ್ಷವೇ ಅದಕ್ಕೆ ಪಾಲಿಟೆಕ್ನಿಕ್ ಎಂಬ ಹೆಸರು ಬಂದಿತು. 1804ರಲ್ಲಿ ನೆಪೋಲಿಯನ್ ಅದನ್ನು ಸೈನ್ಯದ ಶಿಸ್ತಿಗೆ ಒಳಪಡಿಸಿದನು. ಕಠಿನವಾದ ಪ್ರವೇಶಪರೀಕ್ಷೆಯನ್ನು ದಾಟಿ ಬಂದ ತರುಣರು ಇಲ್ಲಿ ಗಣಿತ, ಭೌತ, ರಸಾಯನಗಳ ಮೂಲತತ್ತ್ವಗಳನ್ನು ಕಲಿತು, ಅನಂತರ 1747ರಲ್ಲಿ ಹುಟ್ಟಿದ ಸೇತುವೆ–ರಸ್ತೆಗಳ ಶಾಲೆಗೋ, 1783ರಲ್ಲಿ ಹುಟ್ಟಿದ ಗಣಿಶಾಲೆಗೋ, ಫಿರಂಗಿದಳದ ಶಾಲೆಗೋ ಹೋಗುತ್ತಿದ್ದರು. ಅಲ್ಲಿಂದ ಮುಂದೆ ಅವರು ಸರ್ಕಾರದ ಸೇವಕರು. ಬಟ್ಟೆಯ ಗಿರಣಿಗೋ ಕಬ್ಬಿಣದ ಕುಲುಮೆಗೋ ಬೇಕಾದ ಇಂಜಿನಿಯರನ್ನು ಸಿದ್ಧಪಡಿಸುವುದು ಈ ಏರ್ಪಾಡಿನ ಉದ್ದೇಶವಾಗಿರಲಿಲ್ಲ.

ಇನ್ನು ಕಥೆ. ಲಿಮೋಜ್ ಪಟ್ಟಣದ ಸಾಹುಕಾರನೊಬ್ಬನ ವಿಧವೆಯಾದ ವೆರೊನಿಕ್ ಗ್ರಾಸ್ಲ್ಯಾಂ ಮೊಂತೇನ್ಯಾಕ್ ಎಂಬ ಬಡ ಹಳ್ಳಿಯಲ್ಲಿ ಬಂದು ನೆಲಸುತ್ತಾಳೆ. ಅವಳ ಹೃದಯದಲ್ಲಿ ಒಂದು ಗುಪ್ತಪಾಪದ ಭಾರವುಂಟು. ಬೋಳಾದ ಬಯಲಿಗೆ ನೀರು ಹರಿಸಿ ಹಳ್ಳಿಯನ್ನು ಉದ್ಧರಿಸುವುದೇ ಅವಳಿಗೆ ಪ್ರಾಯಶ್ಚಿತ್ತವೆಂದು ಊರಿನ ಪಾದ್ರಿಯಾದ ಬೊನೆ ದಾರಿ ತೋರಿಸುತ್ತಾನೆ. ಈ ಕೆಲಸಕ್ಕೆ ತಕ್ಕ ಇಂಜಿನಿಯರನು ಬೇಕೆಂದು ಅವಳು ಗ್ರೋಸ್ತೇತ್ ಎಂಬ ಸಾಹುಕಾರನನ್ನು ಕೇಳುತ್ತಾಳೆ. ಅವನ ಆಶ್ರಯದಲ್ಲಿ ಮುಂದೆ ಬಂದ ಗ್ರೆಗ್ವಾರ್ ಜೆರಾರ್ ತನ್ನ ಬೇಗೆಯನ್ನು ಅವನಿಗೇ ತೋಡಿಕೊಂಡು ಬರೆದ ಪತ್ರವು ಹೀಗೆ ವೆರೊನಿಕಳ ಕೈಗೆ ಬರುತ್ತದೆ.

ಜೆರಾರನ ಆಕ್ಷೇಪಗಳು ಮುಖ್ಯವಾಗಿ ಮೂರು. ಹರೆಯದಲ್ಲಿ ಪರೀಕ್ಷೆಗಾಗಿ ಮೆದುಳನ್ನು ಹಿಂಡಿಬಿಟ್ಟರೆ ಮುಂದೆ ಅದರಿಂದ ಫಲವನ್ನು ನಿರೀಕ್ಷಿಸುವಂತಿಲ್ಲ ಎಂಬುದು ಮೊದಲನೆಯದು. ಇಷ್ಟು ಶ್ರಮದಿಂದ ಆರಿಸಿ ತಂದವರನ್ನು ಪ್ರಾಂತದ ಮೂಲೆಯಲ್ಲಿ ರಸ್ತೆ ದುರಸ್ತಿಗೂ, ಸಣ್ಣ ಮೋರಿ–ಚರಂಡಿಗಳಿಗೂ ಕಾವಲಿಟ್ಟು, ಶಕ್ತಿಯನ್ನು ನೋಡದೆ ಸೇವೆಯ ವರ್ಷಗಳನ್ನೆಣಿಸಿ ಬಡ್ತಿ ಕೊಡುತ್ತಾರೆಂಬುದು ಎರಡನೆಯದು. ಮೂರನೆಯದು ಇನ್ನೂ ತೀಕ್ಷ್ಣ: ನಿಜವಾದ ಪ್ರತಿಭೆಗೆ ಇಂಥ ಶಾಲೆಯ ಅಗತ್ಯವೇ ಇಲ್ಲ. ಪ್ಯಾರಿಸಿನ ನಡುವೆ ಅಕಾಡೆಮಿಯ ಸದಸ್ಯನೊಬ್ಬನು ಕಟ್ಟಹೊರಟ ತೂಗುಸೇತುವೆ ಕೆಟ್ಟುಹೋದುದನ್ನೂ, ಇಂಥ ಶಾಲೆಯಿಲ್ಲದ ಕಾಲದಲ್ಲಿ ಸನ್ಯಾಸಿಯೊಬ್ಬನು ಕಟ್ಟಿದ ರಾಜಸೇತುವೆ ನಿಂತಿರುವುದನ್ನೂ ಅವನು ಎದುರುಬದುರಾಗಿ ನಿಲ್ಲಿಸುತ್ತಾನೆ.

ಈ ಮಾತುಗಳಿಗೆ ಆಧಾರವಿಲ್ಲದಿಲ್ಲ. ಬಾಲ್ಜಾಕನ ತಂಗಿ ಲೋರಳ ಗಂಡನಾದ ಸ್ಯುರ್ವಿಲ್ ಪಾಲಿಟೆಕ್ನಿಕ್‌ನಲ್ಲಿ ಓದಿದ ಸೇತುವೆ–ರಸ್ತೆಗಳ ಇಂಜಿನಿಯರು. ಆ ಉದ್ಯೋಗದ ಒಳಹೊರಗುಗಳು ಲೇಖಕನಿಗೆ ಮನೆಯ ಮಾತಾಗಿದ್ದುವು. ಜೆರಾರನು ಸೂಚಿಸುವ ಸೇತುವೆ ನಾವಿಯೇ ಎಂಬ ಪಂಡಿತನದು. 1826ರಲ್ಲಿ ಅದರ ಲಂಗರಿನ ಕಟ್ಟಡ ಜರುಗಿ, ಕಡೆಗೆ ಸೇತುವೆಯನ್ನೇ ಕಳಚಿಹಾಕಬೇಕಾಯಿತು. ಅದಕ್ಕೆ ಒಂದು ವರ್ಷ ಮೊದಲೇ, ಪಾಲಿಟೆಕ್ನಿಕ್‌ನ ಮೆಟ್ಟಿಲನ್ನು ಹತ್ತದ ಮಾರ್ಕ್ ಸೆಗ್ಯಾಂ ಎಂಬಾತನು ತೂರ್ನೋನ್ ಬಳಿ ರೋನ್ ನದಿಗೆ ತಂತಿಯ ತೂಗುಸೇತುವೆಯನ್ನು ಕಟ್ಟಿ ಮುಗಿಸಿದ್ದನು. ಇಷ್ಟನ್ನೇ ನೋಡಿದರೆ ಜೆರಾರನ ಪಕ್ಷವೇ ಗೆದ್ದಂತೆ ತೋರುತ್ತದೆ.

ಆದರೆ ಇದು ಪೂರ್ವಪಕ್ಷ ಮಾತ್ರ. ಪಾಲಿಟೆಕ್ನಿಕ್‌ನಿಂದ ಬಂದು ಪ್ರಾಂತಗಳಲ್ಲಿ ರಸ್ತೆ ಕೆಲಸವನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಫ್ರೆನೆಲ್ ಒಬ್ಬನು. ಬೆಳಕು ತರಂಗರೂಪವಾದುದೆಂಬುದನ್ನು ಗಣಿತದಿಂದ ಬಲಪಡಿಸಿ 1819ರಲ್ಲಿ ಅಕಾಡೆಮಿಯ ಬಹುಮಾನವನ್ನು ಪಡೆದವನು ಅವನೇ. ಅವನು ರಚಿಸಿದ ಮಸೂರವು 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ಬೆಳಗಿ, ಮುಂದೆ ಲೋಕದ ನಾವಿಕರಿಗೆಲ್ಲ ಉಪಕಾರಿಯಾಯಿತು. ಅದೇ ಶಾಲೆಯ ವಿಕಾ ಎಂಬವನು ಸೂಯಾಕ್ ಊರಿನಲ್ಲಿ ದೊರ್ದೋನ್ ನದಿಯ ಸೇತುವೆಗೆ ನಿಯಮಿತನಾಗಿದ್ದಾಗ, ನೀರಿನಲ್ಲಿಯೂ ಗಟ್ಟಿಗೊಳ್ಳುವ ಸುಣ್ಣದ ಗುಟ್ಟನ್ನು ಪರೀಕ್ಷಿಸಿ 1818ರಲ್ಲಿ ಪ್ರಕಟಿಸಿದನು. ಇಂದಿನ ಸಿಮೆಂಟ್ ಕೈಗಾರಿಕೆಯ ತಳಹದಿಯಲ್ಲಿ ಆ ಶೋಧನೆಯೂ ಸೇರಿದೆ. ಸೋತ ಸೇತುವೆಯ ನಾವಿಯೇ ಕೂಡ ಅದೇ 1826ರಲ್ಲಿ ಪ್ರಕಟಿಸಿದ ಪಾಠಗಳಿಂದ, ತೊಲೆಯು ಎಷ್ಟು ಭಾರವನ್ನು ಹೊರಬಲ್ಲದೆಂಬ ಲೆಕ್ಕಕ್ಕೆ ಶಾಸ್ತ್ರದ ರೂಪವನ್ನು ಕೊಟ್ಟನು. ಒಂದು ಸೇತುವೆ ಬಿದ್ದುದನ್ನು ಕಾದಂಬರಿ ಕಂಡಿತು. ಆ ಪಾಠಗಳ ಬಲದಿಂದ ನಿಂತ ಸಾವಿರಾರು ಸೇತುವೆಗಳು ಅಂದಿಗಿನ್ನೂ ಕಾಣುವಂತಿರಲಿಲ್ಲ.

ಇದಕ್ಕಿಂತ ಹೆಚ್ಚಿನ ಸಾಕ್ಷ್ಯವು ಕಾದಂಬರಿಯಲ್ಲಿಯೇ ಇದೆ. ಮೊಂತೇನ್ಯಾಕ್‌ಗೆ ಬಂದ ಜೆರಾರನು ಏನು ಮಾಡುತ್ತಾನೆ? ನೆಲದ ಏರಿಳಿತವನ್ನು ಅಳೆದು, ಗಾಬು ಹಳ್ಳದ ನೀರನ್ನು ಒಡ್ಡುಗಳಿಂದ ತಡೆದು, ಕಾಲುವೆಗಳಿಂದ ಬಯಲಿಗೆ ಹರಿಸುತ್ತಾನೆ. ಈ ವಿದ್ಯೆ ಅವನಿಗೆ ಬಂದುದೆಲ್ಲಿಂದ? ಅವನು ಶಪಿಸಿದ ಆ ಶಾಲೆಗಳಿಂದಲೇ. ಹಳ್ಳದ ಗುಣವನ್ನು ಬಲ್ಲವನು ಕಾಡಿನ ಕಾವಲುಗಾರನಾದ ಫರಾಬೆಶ್, ಸಂಕಲ್ಪವು ಪಾದ್ರಿಯದು, ಹಣವು ವೆರೊನಿಕಳದು, ಇವೆಲ್ಲವನ್ನೂ ಕೂಡಿಸಿ ಕಾರ್ಯರೂಪಕ್ಕೆ ತಂದುದು ಇಂಜಿನಿಯರನ ಲೆಕ್ಕ. ಹೀಗೆ, ಪತ್ರದಲ್ಲಿ ನಿರರ್ಥಕವೆನಿಸಿದ ವಿದ್ಯೆಯು ಕಥೆಯಲ್ಲಿ ಸಾರ್ಥಕವಾಗುತ್ತದೆ. ಕೆಡುಕು ಪಾಠದಲ್ಲಿ ಇರಲಿಲ್ಲ; ಪಾಠವನ್ನು ಕಲಿತವನಿಗೆ ತಕ್ಕ ಕೆಲಸವನ್ನು ಕೊಡದ ಏರ್ಪಾಡಿನಲ್ಲಿ ಇದ್ದಿತು. ಇದನ್ನು ಕಾದಂಬರಿಕಾರನ ಕಣ್ಣು ಕಂಡಿತು. ವಾದಿಸಹೊರಟ ಅವನ ಲೇಖನಿ ಮರೆಯಿತು.

ಹಾಗಾದರೆ ಪರಿಹಾರವೇನು? ಕಥೆಯು ತೋರಿಸುವುದು ಒಬ್ಬ ಧನಿಕಳ ಪ್ರಾಯಶ್ಚಿತ್ತವನ್ನು. ಕಾವ್ಯಕ್ಕೆ ಇದು ಸೊಗಸು. ಒಂದು ದೇಶದ ಕೈಗಾರಿಕೆಯಾದರೋ ಪಶ್ಚಾತ್ತಾಪಪಟ್ಟ ಸಿರಿವಂತರನ್ನು ಕಾದು ಕುಳಿತಿರಲಾರದು. ಪತ್ರವು ಅಚ್ಚಾಗುವುದಕ್ಕೆ ಹತ್ತು ವರ್ಷಗಳ ಹಿಂದೆಯೇ, 1829ರಲ್ಲಿ, ಪ್ಯಾರಿಸಿನಲ್ಲಿ ಬೇರೊಂದು ಉತ್ತರವು ಹುಟ್ಟಿತ್ತು. ಲಾವಲೆ ಎಂಬ ಉದ್ಯಮಿಯ ಹಣದಿಂದ, ರಸಾಯನಜ್ಞ ದ್ಯುಮಾ, ಭೌತಜ್ಞ ಪೆಕ್ಲೆ, ಜ್ಯಾಮಿತಿಜ್ಞ ಒಲಿವಿಯೇ ಇವರು ಸೇರಿ ಎಕೋಲ್ ಸಾಂತ್ರಾಲ್ ಎಂಬ ಶಾಲೆಯನ್ನು ತೆರೆದರು. ಕಾರ್ಖಾನೆಗಳಿಗೆ ಬೇಕಾದ ಇಂಜಿನಿಯರನ್ನು ಸಿದ್ಧಪಡಿಸುವುದೇ ಇದರ ಗುರಿ. 1857ರಲ್ಲಿ ಸರ್ಕಾರದ ವಶಕ್ಕೆ ಬರುವ ತನಕ ಇದು ಖಾಸಗಿ ಸಂಸ್ಥೆಯಾಗಿದ್ದಿತು. ಒಲಿವಿಯೇ ಸ್ವತಃ ಪಾಲಿಟೆಕ್ನಿಕ್‌ನ ವಿದ್ಯಾರ್ಥಿಯಾಗಿದ್ದವನೆಂಬುದು ಗಮನಾರ್ಹ: ಹಳೆಯ ಶಾಲೆಯ ಕೊರತೆಯನ್ನು ತುಂಬಲು ಹೊರಟವರಲ್ಲಿ ಆ ಶಾಲೆಯ ಮಗನೂ ಒಬ್ಬನು.

ಜೆರಾರನು ದೂರಿದ ಪರೀಕ್ಷೆಯ ಬಾಗಿಲು 1852ರಲ್ಲಿ ಒಬ್ಬ ತರುಣನಿಗೆ ಮುಚ್ಚಿತು. ಅವನು ಎಕೋಲ್ ಸಾಂತ್ರಾಲನ್ನು ಸೇರಿ 1855ರಲ್ಲಿ ಪದವಿಯನ್ನು ಪಡೆದನು. ಅವನೇ 1889ರಲ್ಲಿ ಮುನ್ನೂರು ಮೀಟರಿನ ಕಬ್ಬಿಣದ ಗೋಪುರವನ್ನು ನಿಲ್ಲಿಸಿದ ಗುಸ್ತಾವ್ ಐಫೆಲ್. ಅವನಿಗಿಂತ ಒಂದು ವರ್ಷ ತರುವಾಯ ಅಲ್ಲಿಯೇ ಪದವಿ ಪಡೆದ ಅಮೆರಿಕದ ಜೆನ್ನಿ, 1885ರಲ್ಲಿ ಷಿಕಾಗೋ ನಗರದಲ್ಲಿ ಲೋಹದ ಹಂದರದ ಎತ್ತರದ ಕಟ್ಟಡವನ್ನು ಕಟ್ಟಿಸಿದನು. ಇತ್ತ ಪಾಲಿಟೆಕ್ನಿಕ್ ಕೂಡ ಕಾರ್ಖಾನೆಗೆ ಬೆನ್ನು ತಿರುಗಿಸಿಯೇ ಉಳಿಯಲಿಲ್ಲ: 1919ರಲ್ಲಿ ಮೋಟಾರು ಗಾಡಿಗಳ ತಯಾರಿಕೆಗೆ ಇಳಿದ ಸಿತ್ರೋಯೆನ್ ಆ ಶಾಲೆಯಲ್ಲಿ ಓದಿದವನು. ಎಕೋಲ್ ಸಾಂತ್ರಾಲ್ ಮೊದಲು ನೆಲಸಿದ್ದ ಭವನವು ಈಗ ಪಿಕಾಸೋ ಚಿತ್ರಶಾಲೆಯಾಗಿದೆ. ಶಾಲೆಯು 2015ರಲ್ಲಿ ಮತ್ತೊಂದು ಸಂಸ್ಥೆಯೊಡನೆ ಒಂದಾಯಿತು.

ಔಚಿತ್ಯದ ದೃಷ್ಟಿಯಿಂದ ಈ ಪತ್ರವು ನಿರ್ದುಷ್ಟವಲ್ಲ. ಅದು ಅತಿ ದೀರ್ಘ. ಅಲ್ಲಲ್ಲಿ ಇಂಜಿನಿಯರನ ದನಿ ಅಡಗಿ ಲೇಖಕನ ದನಿಯೇ ಕೇಳಿಬರುತ್ತದೆ. ಕಥೆಯ ಓಟವು ನಿಂತುಹೋಗುತ್ತದೆ. ಆದರೂ ಅದನ್ನು ತೆಗೆದುಹಾಕಿದರೆ ಮೊಂತೇನ್ಯಾಕ್‌ನ ಹಸುರಿಗೆ ಅರ್ಧ ಬೆಲೆ ಹೋಗುತ್ತದೆ. ಮೋರಿ ಚರಂಡಿಗಳ ನಡುವೆ ಬತ್ತಿಹೋಗುತ್ತಿದ್ದ ಮನಸ್ಸೊಂದು ಮತ್ತೆ ಚಿಗುರಿತೆಂಬ ಅರಿವು ಓದುಗನಿಗೆ ಬರುವುದು ಆ ಪತ್ರದಿಂದಲೇ. ಪಾತ್ರದ ನೋವಾಗಿ ಅದು ಸತ್ಯ. ಶಾಲೆಯ ಚರಿತ್ರೆಯಾಗಿ ಅದು ಅರ್ಧಸತ್ಯ. ಈ ಕಾದಂಬರಿಯನ್ನು ಪಾಠಹೇಳುವ ಉಪಾಧ್ಯಾಯರು ಪತ್ರವನ್ನು ಓದಿಸಿದ ಮೇಲೆ ನೀರು ಬಯಲಿಗೆ ಇಳಿಯುವ ಭಾಗವನ್ನೂ ತಪ್ಪದೆ ಓದಿಸಬೇಕು. ಜೆರಾರನ ದೂರಿಗೆ ಬಾಲ್ಜಾಕನು ಕೊಟ್ಟ ಉತ್ತರವಿರುವುದು ಅಲ್ಲಿ.