ಕ್ಲೀವ್‌ಲ್ಯಾಂಡಿನ ಲಾಂಡ್ರಿಯೂ ಅದರ ಸ್ತುತಿಕಾರರೂ

ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ 2009ರಲ್ಲಿ ಬಾಗಿಲು ತೆರೆದ ಒಂದು ಲಾಂಡ್ರಿಯನ್ನು ಕುರಿತು ಇಷ್ಟೊಂದು ಸ್ತುತಿಪಾಠಗಳು ಹುಟ್ಟಿಕೊಂಡಿರುವುದು, ಬಡವರ ಕೇರಿಗಳಿಗೆ ಜೀವ ತುಂಬುವ ಉಪಾಯಗಳ ಚರಿತ್ರೆಯಲ್ಲಿ ಯಶಸ್ಸು ಎಷ್ಟು ವಿರಳವೆಂಬುದಕ್ಕೆ ಸಾಕ್ಷಿಯಾದೀತೇ ಹೊರತು ಸ್ತುತಿಕಾರರ ವಿವೇಚನೆಗೆ ಸಾಕ್ಷಿಯಾಗಲಾರದು. ಎವರ್‌ಗ್ರೀನ್ ಸಹಕಾರ ಸಂಘಗಳೆಂದು ಹೆಸರಾದ, ಆ ಲಾಂಡ್ರಿಯಿಂದ ಮೊದಲಾದ ಪ್ರಯೋಗವನ್ನು ಅಲ್ಪವೆನ್ನುವವನು ನಾನಲ್ಲ. ಅದಕ್ಕೆ ಸಂದ ಹೊಗಳಿಕೆಯು ಅದರ ನಿಜವಾದ ಗುಣಕ್ಕೆ ಸಲ್ಲದೆ ಮತ್ತೊಂದಕ್ಕೆ ಸಂದಿದೆಯೆಂಬುದಷ್ಟೇ ನನ್ನ ತಕರಾರು.

1950ರಲ್ಲಿ ಒಂಬತ್ತು ಲಕ್ಷವನ್ನು ದಾಟಿದ್ದ ನಗರದ ಜನಸಂಖ್ಯೆ 2010ರ ವೇಳೆಗೆ ನಾಲ್ಕು ಲಕ್ಷಕ್ಕೂ ಕೆಳಗಿಳಿದುದನ್ನೂ, 1966ರಲ್ಲಿ ಹಫ್ ಮತ್ತು 1968ರಲ್ಲಿ ಗ್ಲೆನ್‌ವಿಲ್ ಬಡಾವಣೆಗಳು ಗಲಭೆಯಲ್ಲಿ ಹೊತ್ತಿ ಉರಿದುದನ್ನೂ ವಾಚಕರು ಬಲ್ಲರು. ಆ ಕೇರಿಗಳಿಗೆ ಒತ್ತಿಕೊಂಡೇ ಯೂನಿವರ್ಸಿಟಿ ಸರ್ಕಲ್ ಎಂಬ ವೈಭವದ ವಲಯವಿದೆ. ಅಲ್ಲಿನ ಆಸ್ಪತ್ರೆಗಳೂ ವಿಶ್ವವಿದ್ಯಾಲಯವೂ ಮತ್ತಿತರ ಸಂಸ್ಥೆಗಳೂ ಸೇರಿ, ಪ್ರಯೋಗ ಆರಂಭವಾದ ಕಾಲಕ್ಕೆ ವರ್ಷಕ್ಕೆ ಸುಮಾರು 300 ಕೋಟಿ ಡಾಲರುಗಳ ಸರಕನ್ನೂ ಸೇವೆಯನ್ನೂ ಕೊಳ್ಳುತ್ತಿದ್ದವು. ಈ ಖರೀದಿಯ ಒಂದು ಪಾಲನ್ನಾದರೂ ನೆರೆಯ ಕೇರಿಗಳತ್ತ ತಿರುಗಿಸಿ, ಅಲ್ಲಿನ ಜನರೇ ಒಡೆಯರಾಗಿರುವ ಉದ್ಯಮಗಳನ್ನು ಕಟ್ಟಬೇಕೆಂದು ಕ್ಲೀವ್‌ಲ್ಯಾಂಡ್ ಫೌಂಡೇಶನ್ನೂ ನಗರದ ಆಡಳಿತವೂ ಟೆಡ್ ಹೋವರ್ಡರಂತಹ ಚಿಂತಕರೂ ಕೂಡಿ ಯೋಚಿಸಿದರು. ಸ್ಪೇನಿನ ಬಾಸ್ಕ್ ನಾಡಿನ ಮೊಂಡ್ರಾಗನ್ ಸಹಕಾರ ಸಂಘಗಳು ಅವರ ಕಣ್ಣ ಮುಂದಿದ್ದವು.

ಸ್ತುತಿಕಾರರು ಮೈಮರೆಯುವುದು ಒಡೆತನದ ವಿಷಯದಲ್ಲಿ. ಆದುದರಿಂದ ಆ ಒಡೆತನದ ಕರಾರನ್ನೇ ಕೊಂಚ ಬಿಡಿಸಿ ನೋಡೋಣ. ಕೆಲಸಕ್ಕೆ ಸೇರಿದವನು ಕೆಲವು ತಿಂಗಳ ಪರೀಕ್ಷಾವಧಿಯನ್ನು ಮುಗಿಸಿ ಸದಸ್ಯನಾದ ಮೇಲೆ, 3,000 ಡಾಲರಿನ ಒಂದು ಪಾಲನ್ನು ಕೊಳ್ಳಬೇಕು. ಕೈಯಲ್ಲಿ ಕಾಸಿಲ್ಲದವನಾದುದರಿಂದ ಅವನ ಕೂಲಿಯಲ್ಲಿ ಗಂಟೆಗೆ 50 ಸೆಂಟಿನಂತೆ ಹಿಡಿದುಕೊಳ್ಳುವ ಏರ್ಪಾಡಿದೆ. ವಾರಕ್ಕೆ ನಲವತ್ತು ಗಂಟೆ ದುಡಿದರೆ 20 ಡಾಲರು, ವರ್ಷಕ್ಕೆ ಸಾವಿರಕ್ಕಿಂತ ತುಸು ಹೆಚ್ಚು; ಪಾಲು ಪೂರ್ತಿಯಾಗಿ ಅವನದಾಗಲು ಹತ್ತಿರ ಹತ್ತಿರ ಮೂರು ವರ್ಷ ಬೇಕು. ಹೀಗೆ ಒಡೆಯನಾದವನು ಆಡಳಿತದಲ್ಲಿ ಒಂದು ಮತವನ್ನು ಪಡೆಯುತ್ತಾನೆ, ಲಾಭ ಬಂದ ವರ್ಷ ಅದರಲ್ಲಿ ಪಾಲನ್ನೂ ಪಡೆಯುತ್ತಾನೆ. ಆದರೆ ತನ್ನ ಜೊತೆಗಾರರೆಲ್ಲರೂ ಒಪ್ಪಿದರೂ ಲಾಂಡ್ರಿಯನ್ನು ಮಾರಲಾರ, ಬೇರೊಂದು ಊರಿಗೆ ಒಯ್ಯಲಾರ, ಏಕೆಂದರೆ ಅದಕ್ಕೆ ಮೇಲಿನ ಮಾತೃಸಂಸ್ಥೆಯ ಸಮ್ಮತಿ ಬೇಕು. ಇದನ್ನು ದೋಷವೆಂದು ನಾನು ಹೇಳುತ್ತಿಲ್ಲ. ಆ ತಡೆ ಇಲ್ಲದಿದ್ದರೆ ಲಾಭ ಕಂಡ ಮೊದಲ ವರ್ಷವೇ ಯಾವನೋ ಧನಿಕನು ಅದನ್ನು ಕೊಂಡುಕೊಂಡಾನು. ಆದರೆ ಶ್ರಮಿಕರ ಸ್ವಾಯತ್ತತೆಯೆಂದು ಸಾರುವ ಪ್ರಬಂಧಗಳಲ್ಲಿ ಈ ತಡೆಯ ಪ್ರಸ್ತಾಪ ಅಡಿಟಿಪ್ಪಣಿಯಲ್ಲಿಯೂ ಕಾಣಿಸುವುದು ಅಪರೂಪ.

ಹಾಗಾದರೆ ಆ 50 ಸೆಂಟು ಕೊಳ್ಳುವುದೇನನ್ನು? ಇಲ್ಲಿ ದುಡಿಯುವವರಲ್ಲಿ ಸೆರೆಮನೆಯಿಂದ ಹೊರಬಂದವರು ಬಹಳ ಮಂದಿ. ಆ ಒಂದು ಕಾರಣಕ್ಕೆ ಬೇರೆಡೆಗಳಲ್ಲಿ ಬಾಗಿಲು ಮುಚ್ಚಿಸಿಕೊಂಡವರು. ಅಂಥವನೊಬ್ಬನ ಬಾಳಿನಲ್ಲಿ ಒಂದೇ ಕಡೆ ಸಂಬಳದ ಚೀಟಿ ಪಡೆದ ಮೂರು ವರ್ಷಗಳೆಂದರೆ ಅದುವರೆಗೆ ಯಾರೂ ಅವನಿಗೆ ಕೊಡದ ಪದಾರ್ಥ. ಪಾಲಿನ ಬೆಲೆ ಹೆಚ್ಚಾಗಿದ್ದರೆ ಅವನು ಕೈಬಿಡುತ್ತಿದ್ದ, ಕಡಿಮೆಯಾಗಿದ್ದರೆ ಲಕ್ಷಿಸುತ್ತಿರಲಿಲ್ಲ. ಈ ಅಳತೆಯನ್ನು ನಿಗದಿಮಾಡಿದವರು ಯಾರೇ ಆಗಲಿ, ಮನುಷ್ಯಸ್ವಭಾವವನ್ನು ಬಲ್ಲವರು. ಒಡೆತನವು ಇಲ್ಲಿ ನೆಪ, ನಿಲ್ಲಿಸಿಕೊಳ್ಳುವುದು ಉದ್ದೇಶ.

ಪ್ರಯೋಗದ ನಿಜವಾದ ಹಿರಿಮೆ ಅದರ ಅನುಕ್ರಮದಲ್ಲಿದೆ. 1973, 1982, 1998ರಲ್ಲಿ ಒಂದಾದಮೇಲೊಂದರಂತೆ ಬಂದ ಅಮೆರಿಕದ ಉದ್ಯೋಗ ತರಬೇತಿನ ಕೇಂದ್ರ ಶಾಸನಗಳ ಅಡಿಯ ಯೋಜನೆಗಳಲ್ಲಿ ಹಲವು ಮೊದಲು ತರಬೇತು, ಆಮೇಲೆ ದೇವರಿಚ್ಛೆಯಿದ್ದರೆ ಕೆಲಸ ಎಂಬ ಕ್ರಮವನ್ನೇ ಅನುಸರಿಸಿದುವು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದ ಈ ಉತ್ಸಾಹದ ಫಲವಾಗಿ, ಪ್ರಮಾಣಪತ್ರವಿದ್ದೂ ನಿರುದ್ಯೋಗಿಗಳಾದವರು ಕೇರಿಕೇರಿಯಲ್ಲಿಯೂ ಉಳಿದರು. ಎವರ್‌ಗ್ರೀನಿನವರು ಕೊನೆಯಿಂದ ಆರಂಭಿಸಿದರು. ಆಸ್ಪತ್ರೆಯ ಹಾಸಿಗೆಯ ಮೇಲುಹೊದಿಕೆ ದಿನವೂ ಕೊಳೆಯಾಗುತ್ತದೆ, ಅದನ್ನು ಯಾರಾದರೂ ಒಗೆಯಲೇಬೇಕು. ಒಗೆಯುವ ಕೆಲಸ ಮೊದಲು, ಒಗೆಯುವವನು ಆಮೇಲೆ, ಅವನ ತರಬೇತು ಕೆಲಸದ ಜೊತೆಜೊತೆಗೆ. ಇದೇ ಸಂಘದ ಸೌರವಿದ್ಯುತ್ತಿನ ಉದ್ಯಮವು ಆ ಊರಿನ ಮೋಡದ ಚಳಿಗಾಲಕ್ಕೆ ಬಾಗಿ ದೀಪ ಬದಲಿಸುವ, ಮನೆಗಳನ್ನು ಚಳಿಗೆ ಭದ್ರಪಡಿಸುವ ಕೆಲಸಗಳತ್ತ ಹೊರಳಿತು. ಸೊಪ್ಪು ಬೆಳೆಯುವ ದೊಡ್ಡ ಗಾಜಿನ ಮನೆಯಂತೂ ಕ್ಯಾಲಿಫೋರ್ನಿಯದ ಬಿಸಿಲಿನೊಡನೆ ಸೆಣಸಬೇಕಾಯಿತು. ಬಟ್ಟೆಯ ಕೊಳೆಗೆ ಅಂಥ ಪ್ರತಿಸ್ಪರ್ಧಿಗಳಿಲ್ಲ.

ಇಷ್ಟನ್ನು ಕಾಣದ ವಿಮರ್ಶಕರಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದವರು ಐದು ವರ್ಷಗಳಲ್ಲಿ ಹತ್ತು ಉದ್ಯಮ, 500 ಕೆಲಸ ಎಂಬ ಆರಂಭದ ಘೋಷಣೆಯನ್ನು ಹಿಡಿದುಕೊಂಡು, ಅಷ್ಟು ಆಗಲಿಲ್ಲವೆಂದು ತಲೆ ಎಣಿಸಿ ಕೈತೊಳೆದುಕೊಳ್ಳುತ್ತಾರೆ. ಉಕ್ಕಿನ ಕಾರ್ಖಾನೆಗಳು ಮುಚ್ಚಿ ಕಿತ್ತುಕೊಂಡ ಕೆಲಸಗಳನ್ನು ಒಂದು ಲಾಂಡ್ರಿ ಮರಳಿ ಕೊಡಬೇಕೆಂಬ ಇವರ ಲೆಕ್ಕಾಚಾರಕ್ಕೆ ಗಣಿತದ ಶಿಸ್ತಿದೆ, ನ್ಯಾಯದ ಶಿಸ್ತಿಲ್ಲ. ಇನ್ನೊಂದು ಪಂಗಡದವರ ನಿಲುವು ಇದಕ್ಕಿಂತ ಅಪಾಯಕಾರಿ. ಇಂಗ್ಲೆಂಡಿನ ಪ್ರೆಸ್ಟನ್ ನಗರವು 2011ರಲ್ಲಿ ತನ್ನ ದೊಡ್ಡ ಮಾರುಕಟ್ಟೆಯ ಯೋಜನೆ ಕುಸಿದುಬಿದ್ದ ಮೇಲೆ ಕ್ಲೀವ್‌ಲ್ಯಾಂಡಿನತ್ತ ನೋಡಿತೆಂಬುದನ್ನೇ ಹಿಡಿದು, ಎರಡನ್ನೂ ಒಂದೇ ಉಸಿರಿನಲ್ಲಿ ಹೊಗಳುತ್ತಾರೆ. ಪ್ರೆಸ್ಟನ್ ಮುಖ್ಯವಾಗಿ ಮಾಡಿದ್ದು ಸಾರ್ವಜನಿಕ ಸಂಸ್ಥೆಗಳ ಖರೀದಿಯನ್ನು ಸ್ಥಳೀಯ ವ್ಯಾಪಾರಿಗಳತ್ತ ಹರಿಸಿದ್ದು. ಅದು ಒಳ್ಳೆಯ ಕೆಲಸವೇ ಸರಿ. ಆದರೆ ಸ್ಥಳೀಯ ವ್ಯಾಪಾರಿಯು ಸೆರೆಮನೆಯಿಂದ ಬಂದವನನ್ನೇ ಕೆಲಸಕ್ಕಿಟ್ಟುಕೊಳ್ಳಬೇಕೆಂಬ ನಿಯಮ ಎಲ್ಲಿದೆ? ಗುತ್ತಿಗೆ ಊರಿಗೆ ಬಂದರೆ ಅದು ಬಡವನ ಮನೆಗೂ ತಾನಾಗಿ ಬರುವುದೆಂಬ ಈ ನಂಬಿಕೆ ಹಳೆಯದು, ಹಲವು ಸಲ ಸುಳ್ಳಾದುದು.

ಇವರಿಬ್ಬರೂ ಕೇಳದ ಪ್ರಶ್ನೆಯೊಂದಿದೆ. ಲಾಂಡ್ರಿಯ ನೆರೆಯಲ್ಲಿಯೇ ಇದ್ದ, ಆ ಇಡೀ ಯೋಜನೆಯ ಆಧಾರಸ್ತಂಭವೆಂದು ಮೊದಲ ದಿನದಿಂದ ಹೆಸರಿಸಲ್ಪಟ್ಟ ಆಸ್ಪತ್ರೆಯಾದ ಕ್ಲೀವ್‌ಲ್ಯಾಂಡ್ ಕ್ಲಿನಿಕ್, ಕಾಲಿನ್‌ವುಡ್ ಬಡಾವಣೆಯಲ್ಲಿದ್ದ ತನ್ನ ಲಾಂಡ್ರಿಯನ್ನು ಎವರ್‌ಗ್ರೀನಿಗೆ ಒಪ್ಪಿಸಿದ್ದು 2018ರಲ್ಲಿ, ಎಂದರೆ ಒಂಬತ್ತು ವರ್ಷಗಳ ತರುವಾಯ. ಅಲ್ಲಿಂದ ಸುಮಾರು ನೂರು ಕೆಲಸಗಾರರು ಸಂಘಕ್ಕೆ ಬಂದರೆಂದು ಸ್ತುತಿಕಾರರು ಸಂಭ್ರಮಿಸಿದರು. ಆ ಕಾರ್ಖಾನೆ ಅದಕ್ಕೂ ಮೊದಲೇ ನಡೆಯುತ್ತಿತ್ತು, ಅಲ್ಲಿ ಬಟ್ಟೆ ಒಗೆಯುವ ಕೈಗಳೂ ಇದ್ದವು. ಹೊಸದಾಗಿ ಬಂದುದು ಕೆಲಸವಲ್ಲ, ಕೆಲಸದ ಕರಾರು. ಅದು ಮೆಚ್ಚತಕ್ಕದ್ದೇ. ಆದರೆ ಆ ಒಂಬತ್ತು ವರ್ಷ ಕ್ಲಿನಿಕ್ಕಿನ ಖರೀದಿದಾರರು ಯಾವ ಲೆಕ್ಕ ಹಾಕುತ್ತ ಕುಳಿತಿದ್ದರು, ಎಷ್ಟು ಅಗ್ಗವಾಗಿದ್ದರೆ ನೆರೆಯವನ ಕೈಗೆ ಬಟ್ಟೆ ಕೊಡುತ್ತಿದ್ದರು ಎಂಬುದನ್ನು ಶೋಧಿಸುವ ಒಂದು ಪ್ರಬಂಧಕ್ಕೆ, ಮೊಂಡ್ರಾಗನ್ನಿನ ತತ್ತ್ವವನ್ನು ಕುರಿತ ಹತ್ತು ಪ್ರಬಂಧಗಳನ್ನು ಕೊಟ್ಟುಬಿಡಲು ನಾನು ಸಿದ್ಧನಿದ್ದೇನೆ.