ಮಾತುಕತೆಯಲ್ಲಿ ಬಾಯಿಬಿಟ್ಟ ಹುಡುಗಿ

ನಮ್ಮ ಕಡೆ ಮದುವೆ ಗೊತ್ತುಮಾಡಲು ಹಿರಿಯರು ಸೇರುವುದಕ್ಕೆ ‘ಮಾತುಕತೆ’ ಎನ್ನುತ್ತಾರೆ. ನನ್ನ ಮಾತುಕತೆಯ ದಿನ ನಾನು ಅಡುಗೆಮನೆಯಲ್ಲಿ ಕಾಫಿ ಲೋಟ ಜೋಡಿಸುತ್ತಿದ್ದೆ. ನಡುಮನೆಯಲ್ಲಿ ಛತ್ರದ ಬಾಡಿಗೆ, ವರೋಪಚಾರದ ಬೆಳ್ಳಿ, ಬೀಗರ ಬಸ್ಸಿನ ಖರ್ಚು ಎಲ್ಲವೂ ಮಾತಾದವು. ಎಲೆಯಡಿಕೆ ತಟ್ಟೆ ಬದಲಾದ ಮೇಲೆ ಸೋದರಮಾವ ಒಳಗೆ ಇಣುಕಿ, “ನಿನಗೇನಾದರೂ ಹೇಳೋದಿದೆಯೇನಮ್ಮ?” ಎಂದರು. ಮುಂದೆ ಓದಬೇಕೆಂಬ ಮಾತು ಗಂಟಲವರೆಗೆ ಬಂದಿತ್ತು. “ಏನಿಲ್ಲ ಮಾವ” ಎಂದೆ.

ಆ ಓದು ಕೈಗೂಡಲು ಹನ್ನೊಂದು ವರ್ಷ ಹಿಡಿಯಿತು. ಅಂಚೆ ಶಿಕ್ಷಣದಲ್ಲಿ ಇಂಗ್ಲಿಷ್ ಎಂ.ಎ.ಗೆ ಕಟ್ಟಿ, ಮಕ್ಕಳು ಮಲಗಿದ ಮೇಲೆ ಪುಸ್ತಕ ತೆರೆಯುತ್ತಿದ್ದೆ. ಹಾಗೆ ಓದಿದ್ದು ವಿಲಿಯಂ ಕಾಂಗ್ರೀವನ ‘ದಿ ವೇ ಆಫ್ ದಿ ವರ್ಲ್ಡ್’. ‘ಲೋಕದ ರೀತಿ’ ಎನ್ನೋಣ. 1700ರಲ್ಲಿ ಲಂಡನ್ನಿನ ಲಿಂಕನ್ಸ್ ಇನ್ ಫೀಲ್ಡ್ಸ್ ರಂಗಮಂದಿರದಲ್ಲಿ ಮೊದಲು ಆಡಿದ ಹಾಸ್ಯನಾಟಕ. ಅದರ ನಾಲ್ಕನೆಯ ಅಂಕ ಓದಿ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಲ್ಲೂ ಒಂದು ಮಾತುಕತೆ ಇದೆ. ಆದರೆ ಅಲ್ಲಿ ಮಾತಾಡುವವಳು ಹುಡುಗಿಯೇ.

ಕಥೆ ಬಹಳ ತೊಡಕಿನದು, ಬೇಕಾದಷ್ಟೇ ಹೇಳುತ್ತೇನೆ. ಮಿರಬೆಲ್ ಮತ್ತು ಮಿಲ್ಲಮಂಟ್ ಪ್ರೀತಿಸಿದವರು. ಅವಳ ಆಸ್ತಿಯಲ್ಲಿ ಅರ್ಧಭಾಗ ಅತ್ತೆ ಲೇಡಿ ವಿಶ್‌ಫೋರ್ಟಳ ಕೈಯಲ್ಲಿದೆ. ಆಕೆಯ ಒಪ್ಪಿಗೆ ಇಲ್ಲದೆ ಮದುವೆಯಾದರೆ ಅದು ಹೋದಂತೆ. ಆ ಆಕೆಗೋ ಮಿರಬೆಲ್ ಎಂದರೆ ಕೆಂಡ. ಹುಡುಗಿಯ ಮೇಲಿನ ಪ್ರೀತಿ ಮುಚ್ಚಿಡಲು ಅವನು ಅತ್ತೆಯನ್ನೇ ಪ್ರೀತಿಸುವ ನಾಟಕ ಆಡಿದ್ದ.

ಮದುವೆಗೆ ಒಪ್ಪುವ ಮುಂಚೆ ಮಿಲ್ಲಮಂಟ್ ತನ್ನ ಷರತ್ತು ಹೇಳುತ್ತಾಳೆ. ಬೆಳಿಗ್ಗೆ ಇಷ್ಟ ಬಂದಷ್ಟು ಹೊತ್ತು ಮಲಗಬೇಕು. ತನಗೆ ಬಂದ ಕಾಗದ ಯಾರದೆಂದು ಗಂಡ ಕೇಳಬಾರದು, ಮುಖ ಸಿಂಡರಿಸಬಾರದು. ಅವನ ನೆಂಟರೆಂಬ ಕಾರಣಕ್ಕೆ ದಡ್ಡರ ಜೊತೆ ಹರಟಬೇಕಾಗಿಲ್ಲ. ಮನಸ್ಸು ಸರಿಯಿಲ್ಲದ ದಿನ ತನ್ನ ಕೋಣೆಯಲ್ಲೇ ಊಟ ಮಾಡಿದರೆ ಕಾರಣ ಕೇಳಬಾರದು. ಆ ಕೋಣೆಗೆ ಬರುವ ಮುಂಚೆ ಬಾಗಿಲು ತಟ್ಟಬೇಕು. ಮೂರು ಶತಮಾನದ ಹಿಂದಿನ ಈ ಪಟ್ಟಿಯಲ್ಲಿ ನಮ್ಮ ಮನೆಗಳಿಗೆ ಇಂದೂ ಹೊಂದದ ಷರತ್ತು ಯಾವುದಿದೆ, ಹೇಳಿ?

ಮಿರಬೆಲ್ಲನದೂ ಪಟ್ಟಿ ಇದೆ. ರಾತ್ರಿ ಮುಖಕ್ಕೆ ಲೇಪ ಮೆತ್ತಿಕೊಳ್ಳಬಾರದು. ಬಸುರಿಯಾದಾಗ ಸೊಂಟ ಬಿಗಿಯುವ ಉಡುಪು ತೊಡಬಾರದು. ಬಸುರಿನ ಮಾತೆತ್ತಿದ್ದಕ್ಕೇ ಅವಳು ಛೀ ಎನ್ನುತ್ತಾಳೆ. ಇಬ್ಬರ ಭಾಷೆಯೂ ಸ್ವಾರಸ್ಯದ್ದು. ಪ್ರೇಮಿಗಳ ಬಾಯಲ್ಲಿ ಚಂದ್ರ ತಾವರೆಗಳಿಲ್ಲ. ನಮ್ಮ ಕ್ರಯಪತ್ರಗಳ ‘ಸದರಿ’, ‘ಮೇಲ್ಕಂಡ’ ಇದ್ದಂತೆ ವಕೀಲರ ಮಾತು. ಮದುವೆ ಎಂದರೆ ಕರಾರು ಎಂದು ಇಬ್ಬರಿಗೂ ಗೊತ್ತು, ಅದನ್ನೇ ಆಟ ಮಾಡಿಕೊಂಡಿದ್ದಾರೆ. ಚಿನ್ನ, ರನ್ನ ಎಂದು ಗಂಡ ಕರೆಯುವುದೂ ಅವಳಿಗೆ ಬೇಡ. ಮೊದಲು ಇದು ಬಿಂಕ ಎನಿಸಿತು. ಆಮೇಲೆ ಹೊಳೆಯಿತು: ಊರೆದುರು ಮುದ್ದಿಸಿ, ವರ್ಷ ಕಳೆಯುವುದರಲ್ಲಿ ಮುಖ ತಿರುಗಿಸುವ ಜೋಡಿಗಳನ್ನು ಅವಳು ಕಂಡಿದ್ದಾಳೆ.

ಇಷ್ಟು ಜೋರಿನ ಹುಡುಗಿ ಅವನು ಹೊರಗೆ ಹೋದೊಡನೆ, ಇವನು ಒಳ್ಳೆಯ ಗಂಡನಾಗದಿದ್ದರೆ ನನ್ನ ಗತಿ ಮುಗಿಯಿತು, ಅಷ್ಟು ಪ್ರೀತಿಸುತ್ತೇನೆ ಎಂದುಬಿಡುತ್ತಾಳೆ. ಹೇಳುವುದು ಯಾರಿಗೆ? ಅತ್ತೆಯ ಮಗಳು ಮಿಸೆಸ್ ಫೇನಲ್‌ಗೆ. ಆಕೆ ಮಿರಬೆಲ್ಲನ ಹಳೆಯ ಪ್ರೇಯಸಿ. ವಿಧವೆಯಾಗಿದ್ದಾಗ ಅವನ ಒಡನಾಟದಿಂದ ಬಸುರಾದೆನೇನೋ ಎಂದು ಆಕೆ ಹೆದರಿದ್ದಳು. ಮಾನ ಉಳಿಸಲೆಂದು ಆಕೆಯನ್ನು ಫೇನಲ್‌ಗೆ ಕಟ್ಟಿದವನು ಮಿರಬೆಲ್ಲನೇ. ಫೇನಲ್ ಎಂಥವನೆಂದು ಗೊತ್ತಿದ್ದೇ ಕಟ್ಟಿದ. ನಾಟಕಕಾರ ಇದನ್ನು ಹಗುರವಾಗಿ ದಾಟುತ್ತಾನೆ. ನನಗೆ ದಾಟಲಾಗಲಿಲ್ಲ.

ವಿಮರ್ಶಕರು ಹೆಚ್ಚು ಹೊಗಳುವುದು ಆ ಷರತ್ತಿನ ದೃಶ್ಯವನ್ನು. ನನಗೆ ನಾಟಕದ ಹುರುಳು ಕಂಡದ್ದು ಐದನೆಯ ಅಂಕದ ಒಂದು ಕರಿ ಪೆಟ್ಟಿಗೆಯಲ್ಲಿ. ಹೆಂಡತಿಯ ಹಳೆಯ ಸಂಬಂಧವನ್ನು ಕೋರ್ಟಿಗೆಳೆದು ಊರಿಗೆಲ್ಲ ಸಾರುತ್ತೇನೆಂದು ಹೆದರಿಸಿ ಫೇನಲ್ ಇಡೀ ಆಸ್ತಿ ಕೇಳುತ್ತಾನೆ. ಆಗ ಆ ಪೆಟ್ಟಿಗೆಯಿಂದ ಒಂದು ಪತ್ರ ಹೊರಬರುತ್ತದೆ. ಎರಡನೆಯ ಮದುವೆಗೆ ಮುಂಚೆಯೇ ಆಕೆ ತನ್ನ ಆಸ್ತಿಯನ್ನು ನಂಬಿಕೆಯ ಮೇಲೆ ಮಿರಬೆಲ್ಲನ ಹೆಸರಿಗೆ ಬರೆದಿಟ್ಟಿದ್ದಾಳೆ. ಗಂಡನ ಕೈ ಬರಿದು. ಕೊನೆಗೆ ಮಿರಬೆಲ್ ಆ ಪತ್ರವನ್ನು ಆಕೆಯ ಕೈಗೇ ಕೊಡುತ್ತಾನೆ.

ಈ ಪತ್ರದ ತೂಕ ತಿಳಿಯಲು ಆ ಕಾಲದ ಕಾನೂನು ಗೊತ್ತಿರಬೇಕು. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿನ ಹಣ, ಒಡವೆ ಗಂಡನ ಪಾಲು. ಅವಳ ಜಮೀನಿನ ಉತ್ಪತ್ತಿಯ ಮೇಲೂ ಅವನದೇ ಅಧಿಕಾರ. ಅದು ತಿರುಗಲು 1870 ಮತ್ತು 1882ರ ಕಾಯಿದೆಗಳೇ ಬರಬೇಕಾಯಿತು. ಅಲ್ಲಿಯವರೆಗೆ ಇದ್ದ ದಾರಿ ಇಂಥ ನಂಬಿಕೆಯ ಪತ್ರಗಳು. ಅದಕ್ಕೂ ಇನ್ನೊಬ್ಬ ಗಂಡಸನ್ನು ನಂಬಬೇಕಿತ್ತು.

ಹಾಗಾದರೆ ಮಿಲ್ಲಮಂಟಳ ಚಂದದ ಷರತ್ತುಗಳಿಗೆ ಬೆಲೆ ಏನು? ಒಂದಕ್ಕೂ ಸಹಿ ಇಲ್ಲ. ನಾಳೆ ಅವನು ಬಾಗಿಲು ತಟ್ಟದೆ ಒಳಗೆ ಬಂದರೆ ದೂರು ಕೊಡುವ ಕಚೇರಿಯೂ ಇಲ್ಲ. ಅವನು ಒಳ್ಳೆಯವನಾಗಿದ್ದರೆ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ಇದು ಅವಳಿಗೂ ಗೊತ್ತು; ಅವನು ಹೋದ ಮೇಲೆ ಆಡಿದ ಮಾತಿನ ಅಳುಕು ಇದೇ. ಒಬ್ಬಳಿಗೆ ಮಾತಿದೆ, ಪತ್ರವಿಲ್ಲ. ಇನ್ನೊಬ್ಬಳಿಗೆ ಪತ್ರವಿದೆ, ಮನೆಯಲ್ಲಿ ಸುಖವಿಲ್ಲ. ಹೆಣ್ಣಿಗೆ ಎರಡೂ ಬೇಕು ಎಂದು ಕಾಂಗ್ರೀವ್ ಎಲ್ಲೂ ಹೇಳುವುದಿಲ್ಲ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದ್ದರಿಂದ ನಮಗೆ ತಾನಾಗಿ ತಿಳಿಯುತ್ತದೆ.

ಈಚೆಗೆ ತಂಗಿಯ ಮಗಳ ಮಾತುಕತೆ ನಡೆಯಿತು. ಎಲೆಯಡಿಕೆ ತಟ್ಟೆ ಹೊರಗೆ ಹೋಗುವ ಮುಂಚೆಯೇ ನಾನು, “ನಿನಗೇನು ಬೇಕು ಹೇಳೇ” ಎಂದೆ. ಅವಳು ನಡುಮನೆಗೆ ಬಂದು, ಕೆಲಸ ಬಿಡುವುದಿಲ್ಲ, ಸಂಬಳ ತನ್ನ ಹೆಸರಿನ ಖಾತೆಯಲ್ಲೇ ಇರಬೇಕು ಎಂದಳು. ಗಂಡಿನ ಕಡೆಯ ಹಿರಿಯರೊಬ್ಬರು, “ಹುಡುಗಿ ಜೋರಿದ್ದಾಳೆ” ಎಂದು ನಕ್ಕರು. ಹುಡುಗ ನಗಲಿಲ್ಲ, ಆಗಲಿ ಎಂದ. ಹಿರಿಯರ ನಗು ತಣ್ಣಗಾಗುವವರೆಗೆ ಕಾದು, ನಾನೇ ತಟ್ಟೆ ಎತ್ತಿಕೊಂಡು ಹೊರಗೆ ಹೋದೆ.