ಕದ ಮುಚ್ಚದ ಪ್ರೇಮಕಥೆ: ರಸಿಕರಿಗೊಂದು ಕೈಪಿಡಿ

ಇಂಗ್ಲಿಷಿನಲ್ಲಿ ಈಗ ರಾಶಿರಾಶಿಯಾಗಿ ಬರುತ್ತಿರುವ ಎರಾಟಿಕ್ ರೊಮಾನ್ಸ್ ಕಾದಂಬರಿಗಳನ್ನು ಮೊದಲ ಸಲ ಕೈಗೆತ್ತಿಕೊಳ್ಳುವವರಲ್ಲಿ ಎರಡು ಜಾತಿ. ಹಾಸಿಗೆಯ ಪುಟಗಳನ್ನು ಹುಡುಕಿ ಅವನ್ನಷ್ಟೇ ಓದುವವರು ಒಂದು ಕಡೆ. ಮುಜುಗರಪಟ್ಟು ಅವನ್ನಷ್ಟೇ ಹಾರಿಸಿ ಓದುವವರು ಇನ್ನೊಂದು ಕಡೆ. ಇಬ್ಬರೂ ಒಳಗೊಳಗೇ ನಂಬಿರುವುದು ಒಂದನ್ನೇ: ಕಥೆಯ ಪಾಡು ಕಥೆಗೆ, ಹಾಸಿಗೆಯ ಪಾಡು ಹಾಸಿಗೆಗೆ. ಈ ಪ್ರಕಾರ ರುಚಿಸಬೇಕಾದರೆ ಮೊದಲು ಬಿಡಬೇಕಾದದ್ದು ಈ ನಂಬಿಕೆಯನ್ನು. ಒಳ್ಳೆಯ ಎರಾಟಿಕ್ ರೊಮಾನ್ಸಿನಲ್ಲಿ ಕಥೆ ತಿರುವು ಪಡೆಯುವುದೇ ಮಲಗುವ ಕೋಣೆಯಲ್ಲಿ. ಬೇರೆ ಕಾದಂಬರಿಗಳಲ್ಲಿ ಒಂದು ಜಗಳ, ಒಂದು ಕಾಗದ, ಒಂದು ಸಾವು ಮಾಡುವ ಕೆಲಸವನ್ನು ಇಲ್ಲಿ ಕೂಟದ ದೃಶ್ಯ ಮಾಡಬೇಕು. ಆದ್ದರಿಂದ ಅಂಥ ದೃಶ್ಯ ಬಂದಾಗಲೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇವರಿಬ್ಬರಲ್ಲಿ ಒಬ್ಬರ ಬಗ್ಗೆ ಒಬ್ಬರಿಗೆ ಮೊದಲು ಗೊತ್ತಿರದಿದ್ದದ್ದು ಈಗ ಏನು ಗೊತ್ತಾಯಿತು? ಏನೂ ಇಲ್ಲ ಎಂದಾದರೆ, ಪುಟ ಎಷ್ಟೇ ಬಿಸಿಯಾಗಿರಲಿ, ದೃಶ್ಯ ಸತ್ತಿದೆ.

ಹಿನ್ನೆಲೆ ತುಸು ತಿಳಿದಿದ್ದರೆ ಸಾಕು. 1908ರಲ್ಲಿ ಲಂಡನ್ನಿನಲ್ಲಿ ಶುರುವಾದ ಮಿಲ್ಸ್ ಅಂಡ್ ಬೂನ್ ನಮ್ಮ ಊರುಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಿಗೂ ಪರಿಚಿತವೇ. ಅದರ ಹಳೆಯ ಕಥೆಗಳು ಮುತ್ತಿನವರೆಗೆ ಬಂದು ಕದ ಹಾಕಿಕೊಳ್ಳುತ್ತಿದ್ದವು. ಆ ಕದವನ್ನು ಎಲ್ಲರಿಗೂ ಕಾಣುವಂತೆ ತೆರೆದದ್ದು 1972ರಲ್ಲಿ ಬಂದ ಕ್ಯಾಥ್ಲೀನ್ ವುಡಿವಿಸ್ ಅವರ 'ದ ಫ್ಲೇಮ್ ಅಂಡ್ ದ ಫ್ಲವರ್'. 2000ದಲ್ಲಿ ಅಮೆರಿಕದ ಎಲ್ಲೋರಾಸ್ ಕೇವ್ ಎಂಬ ಪ್ರಕಾಶನ, ದೊಡ್ಡವರು ಮುಟ್ಟದ ಕಥೆಗಳನ್ನು ಇ-ಪುಸ್ತಕ ಮಾಡಿ ಮಾರತೊಡಗಿತು. 2007ರಲ್ಲಿ ಕಿಂಡಲ್ ಬಂದ ಮೇಲಂತೂ ಮುಖಪುಟಕ್ಕೆ ಪೇಪರು ಸುತ್ತುವ ಕೆಲಸವೇ ಉಳಿಯಲಿಲ್ಲ. ಇ. ಎಲ್. ಜೇಮ್ಸ್ ಅವರ 'ಫಿಫ್ಟಿ ಶೇಡ್ಸ್ ಆಫ್ ಗ್ರೇ' 2011ರಲ್ಲಿ ಬಂದು, ಮರುವರ್ಷ ದೊಡ್ಡ ಪ್ರಕಾಶನದ ಕೈಗೆ ಹೋಗಿ, ಈ ಪ್ರಕಾರವನ್ನು ವಿಮಾನ ನಿಲ್ದಾಣದ ಅಂಗಡಿಗೆ ತಂದು ನಿಲ್ಲಿಸಿತು. ಪ್ರಕಾರಕ್ಕೆ ಕಟ್ಟುಪಾಡು ಹೆಚ್ಚೇನಿಲ್ಲ. ಪ್ರೇಮ ಕಥೆಯ ನಡುವಿನಲ್ಲಿರಬೇಕು, ಕೊನೆಗೆ ಆ ಇಬ್ಬರೂ ಜೊತೆಯಾಗಬೇಕು, ಕೂಟದ ದೃಶ್ಯ ಕಿತ್ತರೆ ಕಥೆ ಕುಸಿಯಬೇಕು. ಮೂರನೆಯದನ್ನು ಪಾಲಿಸದ ಪುಸ್ತಕಗಳೇ ಹೆಚ್ಚು ಎಂಬುದು ಬೇರೆ ಮಾತು.

ಪಾಲಿಸಿದ ಪುಸ್ತಕ ಹೇಗಿರುತ್ತದೆ ಎಂದು ನೋಡಲು ಹೆಲೆನ್ ಹ್ವಾಂಗ್ ಅವರ 'ದ ಕಿಸ್ ಕೋಶೆಂಟ್' (2018) ಒಳ್ಳೆಯ ಮಾದರಿ. ನಾಯಕಿ ಸ್ಟೆಲ್ಲಾ ಇಕನಾಮೆಟ್ರಿಕ್ಸ್‌ನಲ್ಲಿ ನುರಿತವಳು, ಕೈತುಂಬ ಸಂಬಳ, ಆಟಿಸಂ ಇರುವವಳು. ಬಟ್ಟೆಯ ಹೊಲಿಗೆ ಮೈಗೆ ತಾಗಿದರೂ ಅವಳಿಗೆ ಸಹಿಸದು. ಗಂಡಸರ ಸಹವಾಸ ಅದುವರೆಗೆ ಬರೀ ಹಿಂಸೆಯಾಗಿದೆ. ಲೆಕ್ಕದವಳಲ್ಲವೇ, ಕಲಿಯಬೇಕಾದದ್ದನ್ನು ಕಲಿತುಬಿಡೋಣವೆಂದು ದುಡ್ಡು ಕೊಟ್ಟು ಮೈಕಲ್ ಎಂಬವನನ್ನು ಗೊತ್ತು ಮಾಡುತ್ತಾಳೆ, ಅವನ ಮುಂದೆ ಪಾಠದ ಪಟ್ಟಿಯನ್ನೇ ಇಡುತ್ತಾಳೆ. ಅವನಿಗೋ ತಾಯಿಯ ಕ್ಯಾನ್ಸರ್ ಚಿಕಿತ್ಸೆಯ ಬಿಲ್ಲು ಕಟ್ಟಬೇಕಾಗಿದೆ. ಮೊದಲ ಭೇಟಿಯಲ್ಲೇ ಅವಳ ಮೈ ಸೆಟೆದುಕೊಳ್ಳುತ್ತದೆ, ಅವನು ಅದನ್ನು ಗುರುತಿಸಿ ಕೈ ತೆಗೆಯುತ್ತಾನೆ. ಅಂದರೆ ಎರಾಟಿಕ್ ಕಾದಂಬರಿಯ ಮೊದಲ ಹಾಸಿಗೆ ದೃಶ್ಯ ನಡೆಯದೆ ನಿಂತುಹೋಗುತ್ತದೆ. ಹಾಗೆ ನಿಂತದ್ದರಿಂದಲೇ ಇಬ್ಬರಿಗೂ ಒಂದೊಂದು ವಿಷಯ ಗೊತ್ತಾಗುತ್ತದೆ: ನನ್ನ ಮೈಯ ಮಾತನ್ನು ಓದಬಲ್ಲವನೊಬ್ಬ ಇದ್ದಾನೆ ಎಂದು ಅವಳಿಗೆ, ಇದು ದುಡ್ಡಿನ ಲೆಕ್ಕದಲ್ಲಿ ಮುಗಿಯುವ ಕೆಲಸವಲ್ಲ ಎಂದು ಅವನಿಗೆ. ಅಲ್ಲಿಂದ ಮುಂದೆ ಅವನು ಪ್ರತಿ ಹೆಜ್ಜೆಗೂ ಬಾಯಿಬಿಟ್ಟು ಕೇಳುತ್ತಾನೆ, ಅವಳು ಬಾಯಿಬಿಟ್ಟು ಹೇಳುತ್ತಾಳೆ. ಈಗ ಇದರ ಪಕ್ಕದಲ್ಲಿ ಅವಳು ಅವನ ಮನೆಗೆ ಊಟಕ್ಕೆ ಹೋಗುವ ಅಧ್ಯಾಯವನ್ನು ಇಟ್ಟು ಓದಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಸಿ ಮಾಡಿದ್ದು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಅಂದುಬಿಡುತ್ತಾಳೆ. ಅವನ ಅಪ್ಪನ ವಿಚಾರ ಎತ್ತಬಾರದು ಎಂಬುದು ಅವಳಿಗೆ ಹೊಳೆಯುವುದಿಲ್ಲ. ಮನೆಯವರ ಮುಖ ಸಪ್ಪಗಾಗುತ್ತದೆ. ಊಟದ ಮೇಜಿನ ಸುತ್ತ ಯಾರೂ ಯಾವ ನಿಯಮವನ್ನೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿದೆ ಎಂದೇ ಭಾವಿಸುತ್ತಾರೆ. ಹಾಸಿಗೆಯಲ್ಲಿ ಎಲ್ಲವನ್ನೂ ಕೇಳಿ ಹೇಳಿ ನಡೆಸುತ್ತಾರೆ. ಲೋಕಕ್ಕೆ ಗುಟ್ಟಾದ ಜಾಗ ಅವಳಿಗೆ ಬಟಾಬಯಲು, ಲೋಕಕ್ಕೆ ಸಲೀಸಾದ ಊಟದ ಮನೆ ಅವಳಿಗೆ ಚಕ್ರವ್ಯೂಹ. ಹಾಸಿಗೆಯ ಪುಟ ಹಾರಿಸಿದವರಿಗೆ ಈ ಎದುರುಬದುರು ಕಾಣುವುದಿಲ್ಲ, ಊಟದ ಅಧ್ಯಾಯ ಹಾರಿಸಿದವರಿಗೂ ಕಾಣುವುದಿಲ್ಲ.

ಎರಡನೆಯ ಉದಾಹರಣೆ ಸಾರಾ ಜೆ. ಮಾಸ್ ಅವರ 'ಎ ಕೋರ್ಟ್ ಆಫ್ ಮಿಸ್ಟ್ ಅಂಡ್ ಫ್ಯೂರಿ' (2016). ಇದು ಮಾಯಾಲೋಕದ ದೊಡ್ಡ ಗಾತ್ರದ ಕಥೆ, ಶುದ್ಧ ಎರಾಟಿಕ್ ರೊಮಾನ್ಸ್ ಅಲ್ಲ; ಆದರೂ ಹೊಸ ತಲೆಮಾರಿನ ಓದುಗರು ಈ ಕಡೆ ಬಂದದ್ದು ಇಂಥವುಗಳ ಹಾದಿಯಿಂದಲೇ. ಮೊದಲ ಸಂಪುಟದ ಪ್ರಿಯಕರ ಟ್ಯಾಮ್ಲಿನ್ ಇಲ್ಲಿ ಕಾಪಾಡುವ ಹೆಸರಿನಲ್ಲಿ ನಾಯಕಿ ಫೇರಾಳನ್ನು ಮನೆಯೊಳಗೆ ಕೂಡಿಹಾಕುತ್ತಾನೆ. ಅವಳು ಚೇತರಿಸಿಕೊಂಡು ರೀಸ್ಯಾಂಡ್ ಎಂಬವನ ಕಡೆ ತಿರುಗುವಷ್ಟರಲ್ಲಿ ಪುಸ್ತಕದ ಹೆಚ್ಚಿನ ಭಾಗ ಮುಗಿದಿರುತ್ತದೆ. ಅವನು ತಮ್ಮಿಬ್ಬರ ಬಂಧದ ಸಂಗತಿಯನ್ನು ಮುಚ್ಚಿಟ್ಟಿದ್ದನೆಂದು ತಿಳಿದು ಅವಳು ಬೆಟ್ಟದ ಮೇಲಿನ ಒಂಟಿ ಮನೆಗೆ ಹೋಗಿ ಗೋಡೆಗೆ ಬಣ್ಣ ಬಳಿಯುತ್ತ ಕೂರುತ್ತಾಳೆ. ಹೆಣ್ಣು ತಾನಾಗಿ ಉಣ್ಣಲು ಕೊಟ್ಟರೆ ಬಂಧವನ್ನು ಒಪ್ಪಿದ ಹಾಗೆ ಎಂಬುದು ಆ ಲೋಕದ ಪದ್ಧತಿ. ಅವನು ಬಂದು ಮುಚ್ಚಿಟ್ಟದ್ದನ್ನೆಲ್ಲ ಹೇಳಿ ಮುಗಿಸುವವರೆಗೆ ಕೇಳಿಸಿಕೊಂಡು, ಆಮೇಲೆ ಅವಳು ಅವನ ಮುಂದೆ ಒಂದು ಬಟ್ಟಲು ಸೂಪ್ ಇಡುತ್ತಾಳೆ. ಕಥೆಯ ನಿರ್ಧಾರ ಆ ಬಟ್ಟಲಿನಲ್ಲಿ ಆಗಿಹೋಯಿತು. ಆಮೇಲಿನ ಬಣ್ಣ ಮೆತ್ತಿದ ಪುಟಗಳು ಆ ನಿರ್ಧಾರದ ಸಂಭ್ರಮ. ಹಿಂದೆ ಬಾಗಿಲು ಹಾಕಿಸಿಕೊಂಡವಳು ಇಲ್ಲಿ ತಾನೇ ಬಾಗಿಲು ತೆರೆದು ಒಳಗೆ ಕರೆದಿದ್ದಾಳೆ ಎಂಬುದನ್ನು ಗಮನಿಸಿದವರಿಗೆ ಅಷ್ಟು ಪುಟ ಕಾಯಿಸಿದ್ದು ಏಕೆಂದು ಕೇಳಬೇಕೆನಿಸದು.

'ಫಿಫ್ಟಿ ಶೇಡ್ಸ್' ಅನ್ನು ಹಳಿಯುವುದು ಈಗ ಸಭ್ಯತೆಯ ಗುರುತಾಗಿದೆ. ಆದರೆ ನಮ್ಮ ಪ್ರಶ್ನೆಯನ್ನು ಅದಕ್ಕೂ ಹಾಕಿ ನೋಡಬೇಕು. ಅದರಲ್ಲಿ ಜೀವವಿರುವ ಭಾಗವೆಂದರೆ ಕರಾರುಪತ್ರದ ಚೌಕಾಸಿ: ಹಾಸಿಗೆಯಲ್ಲಿ ಯಾವುದು ಆಗಬಹುದು, ಯಾವುದು ಆಗದು ಎಂದು ನಾಯಕಿ ಅನಸ್ತೇಸಿಯಾ ನಾಯಕನೊಡನೆ ಕಲಮು ಕಲಮಾಗಿ ವಾದಿಸುತ್ತಾಳೆ, ಕೊನೆಗೂ ಸಹಿ ಹಾಕುವುದಿಲ್ಲ. ಇನ್ನೊಂದು ಜೀವಂತ ದೃಶ್ಯ ಕಟ್ಟಕಡೆಯದು. ನಿನ್ನ ಮನಸ್ಸಿನಲ್ಲಿರುವ ಶಿಕ್ಷೆ ಎಷ್ಟು ದೂರ ಹೋಗಬಲ್ಲುದೋ ತೋರಿಸು ಎಂದು ಅವಳೇ ಕೇಳುತ್ತಾಳೆ, ಬೆಲ್ಟಿನ ಏಟು ತಿನ್ನುತ್ತಾಳೆ, ಎದ್ದು ಹೊರಟುಹೋಗುತ್ತಾಳೆ. ಆ ದೃಶ್ಯ ಕಿತ್ತರೆ ಮೊದಲ ಸಂಪುಟಕ್ಕೆ ಅಂತ್ಯವೇ ಇಲ್ಲ. ಈ ಎರಡರ ನಡುವಿನ ಹತ್ತಾರು ಕೂಟಗಳಲ್ಲಿ ಮಾತ್ರ ಕೋಣೆ ಬದಲಾಗುತ್ತದೆ, ಸಲಕರಣೆ ಬದಲಾಗುತ್ತದೆ, ಮನುಷ್ಯರು ಬದಲಾಗುವುದಿಲ್ಲ. ಪುಸ್ತಕ ಸೋತದ್ದು ಅಶ್ಲೀಲವಾದ್ದರಿಂದಲ್ಲ, ಹೇಳಿದ್ದನ್ನೇ ಹೇಳಿದ್ದರಿಂದ. 2015ರಲ್ಲಿ ಇದೇ ಕಥೆಯನ್ನು ನಾಯಕನ ಬಾಯಲ್ಲಿ ಹೇಳಿಸಿದ 'ಗ್ರೇ' ಬಂದಾಗ ಈ ಬಡತನ ಇನ್ನಷ್ಟು ಎದ್ದು ಕಂಡಿತು: ಅವನ ತಲೆಯೊಳಗೆ ಹೊಕ್ಕರೂ ಸಿಕ್ಕ ಹೊಸ ಸಂಗತಿ ಕಡಿಮೆ.

ಕೊನೆ ಮೊದಲೇ ಗೊತ್ತಿದ್ದ ಮೇಲೆ ಓದುವುದೇಕೆ ಎಂಬ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ. ಕಾಳಿದಾಸ ತನ್ನ ಕಾವ್ಯಕ್ಕೆ 'ಕುಮಾರಸಂಭವ' ಎಂದು ಹೆಸರಿಟ್ಟು ಮುಂದೇನಾಗುತ್ತದೆ ಎಂಬುದನ್ನು ಶೀರ್ಷಿಕೆಯಲ್ಲೇ ಹೇಳಿಬಿಟ್ಟ. ಎಂಟನೆಯ ಸರ್ಗದಲ್ಲಿ ಶಿವಪಾರ್ವತಿಯರ ಶಯ್ಯಾಗೃಹಕ್ಕೇ ಓದುಗನನ್ನು ಕರೆದೊಯ್ದ. ಜಗದ ತಂದೆತಾಯಿಯರ ರತಿಯನ್ನು ವರ್ಣಿಸುವುದು ಔಚಿತ್ಯವೇ ಎಂಬ ಜಗಳ ನಮ್ಮ ಅಲಂಕಾರಶಾಸ್ತ್ರದಲ್ಲಿ ಹಳೆಯದು. ಆನಂದವರ್ಧನ ಅದು ಅನುಚಿತವೆಂದು ಒಪ್ಪಿ, ಕವಿಯ ಶಕ್ತಿ ಆ ದೋಷವನ್ನು ಮುಚ್ಚಿಬಿಡುತ್ತದೆ ಎಂದ; ಮಮ್ಮಟ ಅಷ್ಟು ಉದಾರಿಯಲ್ಲ. ಆದರೆ ಕೊನೆ ಗೊತ್ತಿತ್ತು ಎಂಬ ಕಾರಣಕ್ಕೆ ಆ ಕಾವ್ಯವನ್ನು ಯಾರೂ ಕೆಳಗಿಡಲಿಲ್ಲ. ಇಬ್ಬರು ಸೇರುತ್ತಾರೆ ಎಂಬುದು ಖಾತ್ರಿಯಾದ ಮೇಲೆ ಓದುಗರ ಗಮನ ಸೇರುವ ಬಗೆಯ ಮೇಲೆ ಬೀಳುತ್ತದೆ. ಪ್ರಕಾರ ಬೇಡುವುದೂ ಅದನ್ನೇ.

ಹಾಗೆಂದು ಹಳೆಯ ಶೃಂಗಾರದಲ್ಲಿ ಪಳಗಿದ ಕಿವಿಯನ್ನೇ ಇಲ್ಲಿಗೂ ತಂದರೆ ನಿರಾಸೆ ಖಂಡಿತ. ನೇಮಿಚಂದ್ರನ 'ಲೀಲಾವತಿ ಪ್ರಬಂಧ'ದಲ್ಲಿ ಕಂದರ್ಪನೂ ಲೀಲಾವತಿಯೂ ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡು ಮೋಹಗೊಳ್ಳುತ್ತಾರೆ. ಆ ಗಳಿಗೆಯಲ್ಲೇ ಪ್ರೇಮ ಪೂರ್ಣವಾಗಿದೆ, ಮುಂದಿನದು ವಿರಹ, ಹುಡುಕಾಟ, ವರ್ಣನೆಯ ವೈಭವ. ಅಲ್ಲಿ ದೇಹವನ್ನು ನೋಡುವವನು ಕವಿ. ಮುಡಿಯಿಂದ ಅಡಿಯವರೆಗೆ ಉಪಮೆ ತೊಡಿಸುತ್ತ ಹೋಗುತ್ತಾನೆ. ಹೊಸ ಕಾದಂಬರಿಯಲ್ಲಿ ನೋಡುವ ಕಣ್ಣು ಹೆಚ್ಚಾಗಿ ಅವಳದೇ. ಅವಳಿಗೆ ಯಾವುದು ಹಿತ, ಯಾವುದು ಭಯ, ಯಾವುದಕ್ಕೆ ಹೂಂ ಅನ್ನಲಿ ಎಂಬ ಒಳಗಿನ ತರ್ಕ ಪುಟ ತುಂಬ ಹರಿಯುತ್ತದೆ. ಉಪಮೆ ಬಡವಾಗಿರಬಹುದು, ಬಹಳ ಸಲ ಬಡವಾಗಿಯೇ ಇರುತ್ತದೆ. ಅಲಂಕಾರಕ್ಕೆ ಕಾಯದೆ ಆ ತರ್ಕವನ್ನು ಹಿಂಬಾಲಿಸಿ.

ಇನ್ನು ಗಂಭೀರವಾದ ಆಕ್ಷೇಪ. ಹೆಣ್ಣನ್ನು ಬಗ್ಗಿಸುವ, ಹಿಂಬಾಲಿಸುವ, ಕೂಡಿಹಾಕುವ ಗಂಡಸನ್ನೇ ಈ ಪುಸ್ತಕಗಳು ನಾಯಕನನ್ನಾಗಿ ಮಾಡುವುದಿಲ್ಲವೇ? ಮಾಡುತ್ತವೆ. ವುಡಿವಿಸ್ ಅವರ 1972ರ ಕಾದಂಬರಿಯಲ್ಲಿ ನಾಯಕ ನಾಯಕಿಯ ಮೇಲೆ ಬಲಾತ್ಕಾರ ಮಾಡುವುದರಿಂದಲೇ ಕಥೆ ಮೊದಲಾಗುತ್ತದೆ, ಕೊನೆಗೆ ಅವನೇ ಪ್ರೀತಿಯ ಗಂಡ. ಎಚ್. ಡಿ. ಕಾರ್ಲ್ಟನ್ ಅವರ 'ಹಾಂಟಿಂಗ್ ಅಡಲೈನ್' (2021) ಬೆನ್ನುಹತ್ತಿ ಕಾಡುವವನನ್ನು ನಾಯಕನಾಗಿಸಿ, ಒಳಗೇನಿದೆ ಎಂಬ ಎಚ್ಚರಿಕೆಯ ಪಟ್ಟಿಯನ್ನು ಮೊದಲಿಗೇ ಅಚ್ಚು ಹಾಕಿದೆ. ಓದುಗರು ಇದನ್ನೆಲ್ಲ ಕಣ್ಣುಮುಚ್ಚಿ ನುಂಗುತ್ತಾರೆ ಎಂಬ ಊಹೆ ಮಾತ್ರ ಸರಿಯಲ್ಲ. ಜಾನಿಸ್ ರಾಡ್ವೇ ಅಮೆರಿಕದ ಒಂದು ಊರಿನ ರೊಮಾನ್ಸ್ ಓದುಗ ಹೆಂಗಸರನ್ನು ಕೂರಿಸಿ ಮಾತಾಡಿಸಿ 1984ರಲ್ಲಿ 'ರೀಡಿಂಗ್ ದ ರೊಮಾನ್ಸ್' ಬರೆದರು. ಆ ಹೆಂಗಸರು ಕ್ರೂರ ನಾಯಕರ ಪುಸ್ತಕಗಳನ್ನು ಕೆಟ್ಟವೆಂದು ಬೇರೆ ತೆಗೆದಿಡುತ್ತಿದ್ದರು. ಓದುವುದೆಂದರೆ ಮನೆವಾರ್ತೆಯ ನಡುವೆ ತಮಗಾಗಿ ಕಸಿದುಕೊಂಡ ಸಮಯ ಎನ್ನುತ್ತಿದ್ದರು. ಕಲ್ಪನೆಯಲ್ಲಿ ಬಯಸಿದ್ದನ್ನು ಬದುಕಿನಲ್ಲೂ ಬಯಸುತ್ತಾರೆ ಎನ್ನುವುದಾದರೆ ಪತ್ತೇದಾರಿ ಓದುವವರನ್ನೆಲ್ಲ ಠಾಣೆಗೆ ಕರೆಯಬೇಕಾದೀತು. ಆದರೂ ಎಚ್ಚರಿಕೆಯ ಪಟ್ಟಿ ಕಥೆಗಾರಿಕೆಯ ಕೊರತೆ ತುಂಬುವುದಿಲ್ಲ. ಭಯಾನಕವಾದದ್ದು ನಡೆದ ಮಾರನೆಯ ಬೆಳಿಗ್ಗೆ ನಾಯಕಿಗೆ ತನ್ನದೇ ಮನಸ್ಸು ಉಳಿದಿದೆಯೇ, ಅವಳ ಬೇಡ ಎಂಬ ಮಾತಿಗೆ ಕಥೆಯಲ್ಲಿ ತೂಕವಿದೆಯೇ ಎಂದು ನೋಡಿ. ಇಲ್ಲವಾದರೆ ಪುಸ್ತಕ ಮುಚ್ಚಲು ಸಂಕೋಚ ಬೇಡ. ಈ ಅಳತೆಯಲ್ಲಿ 1972ರಿಂದ 2018ಕ್ಕೆ ಪ್ರಕಾರ ನಡೆದ ದಾರಿ ದೊಡ್ಡದು: ಅಂದು ಒಪ್ಪಿಗೆ ಕಥೆಗೆ ಅಡ್ಡಿಯಾಗಿತ್ತು, ಮೈಕಲ್–ಸ್ಟೆಲ್ಲಾರ ಕಥೆಯಲ್ಲಿ ಒಪ್ಪಿಗೆ ಕೇಳುವುದೇ ಕುತೂಹಲದ ಮೂಲ.

ಹೆಂಗಸರು ಶೃಂಗಾರವನ್ನು ಬರೆಯುವುದು, ಓದುವುದು ಎರಡೂ ನಾಚಿಕೆಗೇಡು ಎನ್ನುವವರಿಗೆ ಉತ್ತರ ಕೊಟ್ಟವರು ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ತಂಜಾವೂರಿನ ಮುದ್ದುಪಳನಿ 18ನೇ ಶತಮಾನದಲ್ಲಿ ತೆಲುಗಿನಲ್ಲಿ ಬರೆದ 'ರಾಧಿಕಾ ಸಾಂತ್ವನಮು' ಕಾವ್ಯವನ್ನು, ಹೆಣ್ಣಿನ ಬಾಯಲ್ಲಿ ಬರಬಾರದ್ದು ಇದರಲ್ಲಿದೆ ಎಂದು ಕಂದುಕೂರಿ ವೀರೇಶಲಿಂಗಂ ತಳ್ಳಿಹಾಕಿದ್ದರು. ನಾಗರತ್ನಮ್ಮ 1910ರಲ್ಲಿ ಅದನ್ನು ಪೂರ್ತಿಯಾಗಿ ಅಚ್ಚು ಹಾಕಿಸಿ, ಗಂಡಸರು ಬರೆದ ಶೃಂಗಾರಕ್ಕೆ ಈ ಆಕ್ಷೇಪ ಏಕಿಲ್ಲ ಎಂದು ಕೇಳಿದರು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು, ಅವರ ಪ್ರಶ್ನೆ ಉಳಿದುಕೊಂಡಿತು.

ಆರಿಸುವ ವಿಷಯದಲ್ಲಿ ಒಂದು ಮಾತು. ಈ ಪುಸ್ತಕಗಳಿಗೆ ಓದುಗರು ಮೆಣಸಿನಕಾಯಿಯ ಗುರುತು ಹಾಕಿ ಖಾರ ಅಳೆಯುತ್ತಾರೆ. ಅದನ್ನು ನಂಬಿ ಕೊಳ್ಳಬೇಡಿ. ಬ್ಯಾಡಗಿಯ ಹಾಗೆ ಬಣ್ಣವೇ ಹೆಚ್ಚಾಗಿ ಖಾರವೇ ಇಲ್ಲದವು ಬೇಕಾದಷ್ಟಿವೆ. ಮೊದಲ ಕೂಟದ ದೃಶ್ಯದವರೆಗೆ ಓದಿ, ಅದನ್ನೂ ಓದಿ, ಮುಂದಿನ ಅಧ್ಯಾಯದ ಮೊದಲ ಎರಡು ಪುಟ ನೋಡಿ. ಅಲ್ಲಿ ಅವರಿಬ್ಬರ ಮಾತಿನ ಧಾಟಿ ಬದಲಾಗಿದ್ದರೆ ಮುಂದುವರಿಸಿ. ಆರಂಭಕ್ಕೆ ಹ್ವಾಂಗ್ ಸಾಕು. ಅದಾದ ಮೇಲೆ, ಫೈಬ್ರೊಮಯಾಲ್ಜಿಯಾ ನೋವಿನಲ್ಲೇ ಬದುಕುವ ನಾಯಕಿಯಿರುವ ತಾಲಿಯಾ ಹಿಬರ್ಟ್ ಅವರ 'ಗೆಟ್ ಎ ಲೈಫ್, ಕ್ಲೋಯಿ ಬ್ರೌನ್' (2019) ಓದಿ. ನೋಯುವ ಮೈಯ ಹೆಣ್ಣು ಸುಖವನ್ನು ಹೇಗೆ ಕೇಳಿ ಪಡೆಯುತ್ತಾಳೆ ಎಂಬುದು ಅಲ್ಲಿ ಕಥೆಯ ಹೂರಣ, ಜೊತೆಗೆ ನಗುವೂ ಧಾರಾಳವಾಗಿದೆ. 'ಫಿಫ್ಟಿ ಶೇಡ್ಸ್' ಬೇಕೇ ಬೇಕು ಎಂದರೆ ಕರಾರುಪತ್ರದ ಅಧ್ಯಾಯಗಳನ್ನೂ ಕೊನೆಯ ಅಧ್ಯಾಯವನ್ನೂ ಓದಿ, ನಡುವಿನದನ್ನು ಹಾರಿಸಿ. ಹಾರಿಸಿದ್ದರಿಂದ ಏನಾದರೂ ತಪ್ಪಿಹೋಯಿತೇ ಎಂದು ಆಮೇಲೆ ಅನುಮಾನ ಬಂದರೆ, ಒಂದೆರಡು ಪುಟ ತಿರುವಿ ನೋಡಲು ಪುಸ್ತಕ ಹೇಗೂ ಕೈಯಲ್ಲೇ ಇರುತ್ತದೆ.